ಖಾಲಿ ಪೆಟ್ಟಿಗೆಯ ದಾರಿಖರ್ಚು



ಈ ಹೊತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ ಘನವಾದದ್ದೇನೂ ಅಲ್ಲ. ತೂಗಿ ನೋಡಿದರೆ ಅರ್ಧ ಕಿಲೋ ಕೂಡ ಬಾರದು. ನಿಮ್ಮಲ್ಲಿ ಅನೇಕರ ಮನೆಯ ಅಟ್ಟದ ಮೇಲೆಯೋ ಮಂಚದ ಕೆಳಗೆಯೋ ಅದು ಈಗಲೂ ಕುಳಿತಿದೆ. ಸಾಮಾನು ತುಂಬಿಕೊಂಡು ಮನೆಗೆ ಬಂದು, ಸಾಮಾನನ್ನು ನಮಗೆ ಒಪ್ಪಿಸಿ, ತಾನು ಬರಿದಾಗಿ ಉಳಿದ ರಟ್ಟಿನ ಪೆಟ್ಟಿಗೆಯೇ ಆ ವಿಷಯ. ಅದರ ಪರಿವಾರವಾಗಿ ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆ, ಥರ್ಮೋಕೋಲಿನ ತುಂಡು, ಕಂದು ಬಣ್ಣದ ಕಾಗದ ಇವೂ ಇರುತ್ತವೆ.

"ಇರಲಿ, ಯಾವುದಕ್ಕಾದರೂ ಬೇಕಾದೀತು" ಎಂದು ಎತ್ತಿಡುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಆದರೆ ಎತ್ತಿಟ್ಟದ್ದು ಬೆಳೆಯುತ್ತ ಹೋದರೆ ಮನೆಯವರೇ ಹೊರಗೆ ಮಲಗಬೇಕಾದೀತು. ಆದ್ದರಿಂದ ಈಚೆಗೆ ಕೆಲವರು ಇದನ್ನು ಅಂತರಜಾಲದ ಮೂಲಕ ಮಾರಲು ತೊಡಗಿದ್ದಾರೆ. ಮನೆ ಬದಲಾಯಿಸಿದವರಲ್ಲಿ ಇಪ್ಪತ್ತು ಮೂವತ್ತು ಪೆಟ್ಟಿಗೆ ಉಳಿಯುತ್ತವೆ. ಸಣ್ಣ ವ್ಯಾಪಾರ ನಿಲ್ಲಿಸಿದವರಲ್ಲಿ ಸಗಟಾಗಿ ತರಿಸಿದ ಹೊಸ ಪೆಟ್ಟಿಗೆಗಳೇ ನೂರಾರು ಉಳಿಯುತ್ತವೆ. ಫೋನಿನಲ್ಲಿ ಒಂದು ಚಿತ್ರ ತೆಗೆದು, ನಾಲ್ಕು ಮಾತು ಬರೆದು, ಹಳೆಯ ವಸ್ತುಗಳನ್ನು ಮಾರುವ ಜಾಲತಾಣದಲ್ಲಿ ಹಾಕುತ್ತಾರೆ. ಕೊಳ್ಳುವವರೂ ಸಿಕ್ಕುತ್ತಾರೆ. ಆಮೇಲೆ ಸಾಗಣೆಯ ದರವನ್ನು ವಿಚಾರಿಸಿದಾಗ ಎದೆ ಧಸಕ್ಕೆನ್ನುತ್ತದೆ. ಅಸಲಿಗಿಂತ ಬಡ್ಡಿಯೇ ಹೆಚ್ಚಾದಂತೆ, ಪೆಟ್ಟಿಗೆಯ ಬೆಲೆಗಿಂತ ಅದರ ದಾರಿಖರ್ಚೇ ಹೆಚ್ಚಾಗಿ ನಿಲ್ಲುತ್ತದೆ. ಇದು ಏಕೆ, ಇದಕ್ಕೆ ಮಾಡತಕ್ಕದ್ದೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಕಟ್ಟಿ ತಂದದ್ದನ್ನು ಮತ್ತೆ ಮಾರುವ ಪದ್ಧತಿ ನಮಗೆ ಹೊಸದೇನಲ್ಲ. ಸೀಮೆಎಣ್ಣೆಯ ಡಬ್ಬ ಬರಿದಾದ ಮೇಲೆ ನೀರು ತುಂಬುವ ಡಬ್ಬವಾಗುತ್ತಿತ್ತು. ತಗಡನ್ನು ಬಿಡಿಸಿದರೆ ಬಚ್ಚಲಿಗೆ ಬಾಗಿಲಾಗುತ್ತಿತ್ತು. ಅಕ್ಕಿಯ ಗೋಣಿಚೀಲವನ್ನು ಬರಿದಾದ ಮೇಲೆ ಅಂಗಡಿಯವನೇ ಕೊಂಡುಕೊಳ್ಳುತ್ತಿದ್ದ; ಹರಿದದ್ದಕ್ಕೆ ಒಂದು ಬೆಲೆ, ಹರಿಯದ್ದಕ್ಕೆ ಇನ್ನೊಂದು ಬೆಲೆ. ಮಂಡಿಯಲ್ಲಿ ತೂಗುವಾಗ ಚೀಲದ ತೂಕವನ್ನು ಕಳೆದು ಉಳಿದದ್ದಕ್ಕೆ ಮಾತ್ರ ಹಣ ಕೊಡುವುದು ಎಲ್ಲರಿಗೂ ತಿಳಿದ ಕ್ರಮ. ಅಂದರೆ ಹಳೆಯ ವ್ಯಾಪಾರದಲ್ಲಿ ಹೊದಿಕೆಯ ಭಾರವನ್ನು ಲೆಕ್ಕದಿಂದ ಕಳೆಯುತ್ತಿದ್ದರು. ಈಗಿನ ಸಾಗಣೆಯ ವ್ಯಾಪಾರದಲ್ಲಿ ಹೊದಿಕೆಯನ್ನಷ್ಟೇ ಅಲ್ಲ, ಹೊದಿಕೆಯೊಳಗಿನ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಮರ್ಮವೆಲ್ಲ ಇಲ್ಲಿಯೇ ಇದೆ.

ಈ ರಟ್ಟಿನ ಪೆಟ್ಟಿಗೆ ಹಗುರವಾಗಿರುವುದಕ್ಕೆ ಕಾರಣವೂ ಗಾಳಿಯೇ. ಅದರ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಎರಡು ಚಪ್ಪಟೆ ಹಾಳೆಗಳ ನಡುವೆ, ಸೀರೆಯ ನಿರಿಗೆಯಂತೆ ಮಡಿಕೆ ಮಡಿಕೆಯಾದ ಇನ್ನೊಂದು ಹಾಳೆ ಇರುತ್ತದೆ. ಇದು ಮೂರು ಪದರದ ರಟ್ಟು. ಇಂಥ ನಿರಿಗೆ ಎರಡಿದ್ದರೆ ಐದು ಪದರ, ಮೂರಿದ್ದರೆ ಏಳು ಪದರ. ಈ ನಿರಿಗೆಯ ಕಾಗದಕ್ಕೆ ಇಂಗ್ಲೆಂಡಿನಲ್ಲಿ ೧೮೫೬ರಲ್ಲಿ ಹಕ್ಕುಪತ್ರ ಪಡೆದವರು ಅದನ್ನು ಪೆಟ್ಟಿಗೆಗಾಗಿ ಮಾಡಿದ್ದಲ್ಲ. ದೊಡ್ಡಮನುಷ್ಯರು ಧರಿಸುತ್ತಿದ್ದ ಎತ್ತರದ ಟೋಪಿಗಳಿಗೆ ಒಳಪದರವಾಗಿ ಮಾಡಿದ್ದು. ೧೮೭೧ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಎಂಬಾತ ಅದನ್ನು ಸೀಸೆಗಳಿಗೂ ದೀಪದ ಗಾಜಿನ ಚಿಮಣಿಗಳಿಗೂ ಸುತ್ತುವ ಉಪಾಯ ಹೂಡಿದ. ೧೮೭೯ರಲ್ಲಿ ಬ್ರೂಕ್ಲಿನ್ನಿನ ರಾಬರ್ಟ್ ಗೇರ್ ಎಂಬಾತನ ಕಾರ್ಖಾನೆಯಲ್ಲಿ, ಕಾಗದದ ಚೀಲಗಳ ಮೇಲೆ ಮಡಿಕೆಯ ಗೀರು ಮೂಡಿಸಬೇಕಾದ ಲೋಹದ ಪಟ್ಟಿ ಸ್ಥಾನ ತಪ್ಪಿ ಚೀಲಗಳನ್ನೇ ಕತ್ತರಿಸಿಬಿಟ್ಟಿತು. ಬೇರೆಯವರಾಗಿದ್ದರೆ ಕೆಲಸಗಾರನನ್ನು ಬೈದು ಸುಮ್ಮನಾಗುತ್ತಿದ್ದರು. ಗೇರ್ ಮಾತ್ರ, ಒಂದೇ ಒತ್ತಿನಲ್ಲಿ ಕತ್ತರಿಸುವುದನ್ನೂ ಮಡಿಸುವುದನ್ನೂ ಮಾಡಬಹುದಲ್ಲ ಎಂದು ಯೋಚಿಸಿದ. ಮಡಿಸಿದರೆ ಹಾಳೆ, ಬಿಡಿಸಿದರೆ ಪೆಟ್ಟಿಗೆ ಎಂಬ ಇಂದಿನ ರೂಪ ಹುಟ್ಟಿದ್ದು ಹೀಗೆ.

ಗಾಳಿಗುಳ್ಳೆಯ ಹಾಳೆಯ ಕಥೆಯೂ ಇಂಥದೇ. ೧೯೫೭ರಲ್ಲಿ ಆಲ್ಫ್ರೆಡ್ ಫೀಲ್ಡಿಂಗ್, ಮಾರ್ಕ್ ಶವಾನ್ ಎಂಬ ಇಬ್ಬರು ಅಮೆರಿಕದಲ್ಲಿ ಗೋಡೆಗೆ ಅಂಟಿಸುವ ಅಲಂಕಾರದ ಹಾಳೆಯೊಂದನ್ನು ಮಾಡಲು ಹೋದರು. ಗೋಡೆಗೆ ಅದನ್ನು ಯಾರೂ ಒಪ್ಪಲಿಲ್ಲ. ಕೆಲವು ವರ್ಷಗಳ ತರುವಾಯ ಗಣಕಯಂತ್ರಗಳನ್ನು ಜೋಪಾನವಾಗಿ ಕಳುಹಿಸಲು ಅದು ಉಪಯೋಗಕ್ಕೆ ಬಂದಿತು. ಎರಡು ಪದಾರ್ಥಗಳಲ್ಲಿಯೂ ಸಾಮಾನನ್ನು ಕಾಯುವುದರಲ್ಲಿ ಕಾಗದ, ಪ್ಲಾಸ್ಟಿಕ್ಕುಗಳಿಗಿಂತ ಒಳಗೆ ಸಿಕ್ಕಿಕೊಂಡ ಗಾಳಿಯ ಪಾಲೇ ದೊಡ್ಡದು. ಸಾಮಾನನ್ನು ಕಾಯುವಾಗ ಆ ಗಾಳಿ ಮಿತ್ರ. ಬರಿಯ ಹೊದಿಕೆಯನ್ನೇ ಮಾರಿ ದೂರಕ್ಕೆ ಕಳುಹಿಸುವಾಗ ಅದೇ ಗಾಳಿ ಶತ್ರು.

ಹೇಗೆಂದರೆ, ಸಾಗಿಸುವವನ ಬಂಡಿಯಲ್ಲಿ ಎರಡು ಬಗೆಯ ಮಿತಿ ಉಂಟು. ಭಾರದ ಮಿತಿ ಒಂದು, ಸ್ಥಳದ ಮಿತಿ ಇನ್ನೊಂದು. ಕಬ್ಬಿಣದ ಮೊಳೆ ಹೇರಿದರೆ ಬಂಡಿ ಕಾಲುಭಾಗ ತುಂಬುವುದರೊಳಗೆ ಭಾರದ ಮಿತಿ ಮುಗಿಯುತ್ತದೆ. ಹತ್ತಿ ಹೇರಿದರೆ ಭಾರವೇ ಇಲ್ಲ, ಆದರೆ ಸ್ಥಳವೆಲ್ಲ ತುಂಬಿಹೋಗುತ್ತದೆ. ಹತ್ತಿಯವನಿಂದ ತೂಕದಂತೆ ಮಾತ್ರ ಬಾಡಿಗೆ ಪಡೆದರೆ ಬಂಡಿಯವನಿಗೆ ಎತ್ತಿನ ಹುಲ್ಲಿಗೂ ಸಾಲದು. ಆದಕಾರಣ ಸಾಗಣೆಯವರು ಎರಡು ತೂಕಗಳನ್ನು ಲೆಕ್ಕ ಹಾಕುತ್ತಾರೆ. ಮೊದಲನೆಯದು ತಕ್ಕಡಿಯ ತೂಕ. ಎರಡನೆಯದು ಗಾತ್ರದಿಂದ ಬರುವ ತೂಕ. ಇದನ್ನು ನಾವು ಘನತೂಕ ಎಂದು ಕರೆಯೋಣ. ಘನ ಎಂಬ ಮಾತಿಗೆ ಭಾರವಾದದ್ದು ಎಂಬ ಅರ್ಥವೂ ಉಂಟು. ಗಣಿತದಲ್ಲಿ ಉದ್ದ, ಅಗಲ, ಎತ್ತರ ಮೂರನ್ನೂ ಗುಣಿಸಿದಾಗ ಬರುವುದು ಘನಫಲ. ಎರಡು ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ.

ಲೆಕ್ಕ ಸುಲಭ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿರಿ. ಬಂದದ್ದನ್ನು ೫೦೦೦ದಿಂದ ಭಾಗಿಸಿರಿ. ಬಂದ ಭಾಗಲಬ್ಧವೇ ಕಿಲೋ ಲೆಕ್ಕದಲ್ಲಿ ಘನತೂಕ. ಅನೇಕ ಕೊರಿಯರ್ ಸಂಸ್ಥೆಗಳ ಭಾಜಕ ೫೦೦೦. ಕೆಲವರದು ಬೇರೆ ಇರುವುದರಿಂದ ಮೊದಲೇ ಕೇಳಿ ತಿಳಿಯುವುದು ಲೇಸು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ರಾಜ್ಯದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಅಗೆದ ಹಳ್ಳದ ಘನಫಲವನ್ನು ತಿಳಿಯುವುದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಹಳ್ಳ ಬರಿದಾಗಿದ್ದರೂ ಅಗೆದವನಿಗೆ ಕೂಲಿ ಕೊಡಬೇಕಷ್ಟೆ! ಹಾಗೆಯೇ ಪೆಟ್ಟಿಗೆ ಬರಿದಾಗಿದ್ದರೂ ಹೊತ್ತವನಿಗೆ ಕೂಲಿ ಕೊಡಬೇಕು.

ಈ ಕ್ರಮ ಮೊದಲು ಹೆಚ್ಚಾಗಿ ವಿಮಾನದ ಸರಕಿಗೆ ಇತ್ತು. ಅಮೆರಿಕದಲ್ಲಿ ಫೆಡೆಕ್ಸ್, ಯುಪಿಎಸ್ ಎಂಬ ಎರಡು ದೊಡ್ಡ ಸಂಸ್ಥೆಗಳು ೨೦೧೫ರ ಹೊಸವರ್ಷದ ಹೊತ್ತಿಗೆ ನೆಲದ ಮೇಲೆ ಹೋಗುವ ಸಣ್ಣ ಕಟ್ಟುಗಳಿಗೂ ಇದನ್ನು ಅನ್ವಯಿಸಿದವು. ನಮ್ಮಲ್ಲಿಯೂ ಈಗ ಇದು ಸಾಮಾನ್ಯವಾಗಿದೆ. ದೂರವನ್ನು ನಿರ್ಧರಿಸುವುದು ಎರಡು ಪಿನ್ ಕೋಡುಗಳು, ಕಳುಹಿಸುವ ಊರಿನದು ಮತ್ತು ಸೇರುವ ಊರಿನದು. ಆರು ಅಂಕಿಗಳ ಈ ಸಂಕೇತ ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದಿತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಅವರು ಸಂಸ್ಕೃತದಲ್ಲಿ ಕವಿಗಳೂ ಆಗಿದ್ದರೆಂಬುದು ನನ್ನಂಥ ಪಂಡಿತವೃತ್ತಿಯವನಿಗೆ ಹೆಮ್ಮೆಯ ಸಂಗತಿ. ಎರಡು ಪಿನ್ ಕೋಡು, ಮೂರು ಅಳತೆ, ಒಂದು ತೂಕ, ಈ ಆರು ಸಂಗತಿಗಳನ್ನು ಕೊಟ್ಟರೆ ಸಾಗಣೆಯ ಜಾಲತಾಣಗಳು ದರವನ್ನು ಕೂಡಲೆ ಹೇಳುತ್ತವೆ.

ಈಗ ಒಂದು ಉದಾಹರಣೆ. ೪೦ ಸೆಂಟಿಮೀಟರ್ ಉದ್ದ, ೩೦ ಅಗಲ, ೩೦ ಎತ್ತರದ ಮೂರು ಪದರದ ಪೆಟ್ಟಿಗೆ ಇದೆ ಎನ್ನೋಣ. ತಕ್ಕಡಿಯಲ್ಲಿ ಸುಮಾರು ೪೦೦ ಗ್ರಾಂ. ಅದನ್ನು ನಿಂತಂತೆಯೇ ಕಳುಹಿಸಿದರೆ, ೪೦, ೩೦, ೩೦ ಗುಣಿಸಿ ೩೬,೦೦೦. ೫೦೦೦ದಿಂದ ಭಾಗಿಸಿದರೆ ೭.೨ ಕಿಲೋ. ಅರ್ಧ ಕಿಲೋ ಸಹ ಇಲ್ಲದ ವಸ್ತುವಿಗೆ ಏಳು ಕಿಲೋವಿನ ಬಾಡಿಗೆ! ಅದೇ ಪೆಟ್ಟಿಗೆಯ ಟೇಪನ್ನು ಬಿಡಿಸಿ ಮಲಗಿಸಿದರೆ ಉದ್ದ ೭೦, ಅಗಲ ೬೦, ದಪ್ಪ ಒಂದು ಸೆಂಟಿಮೀಟರೂ ಇಲ್ಲ. ಅಂಥ ಹತ್ತು ಪೆಟ್ಟಿಗೆಗಳನ್ನು ಒಂದರ ಮೇಲೊಂದಿಟ್ಟು ಬಿಗಿಯಾಗಿ ಕಟ್ಟಿದರೆ ದಪ್ಪ ೮ ಸೆಂಟಿಮೀಟರ್ ಆದೀತು. ೭೦, ೬೦, ೮ ಗುಣಿಸಿ ೩೩,೬೦೦, ಘನತೂಕ ೬.೭ ಕಿಲೋ. ಗಮನಿಸಿದಿರಾ? ನಿಂತ ಪೆಟ್ಟಿಗೆ ಒಂದು ತಿನ್ನುವ ಬಾಡಿಗೆಯನ್ನು ಮಲಗಿದ ಪೆಟ್ಟಿಗೆಗಳು ಹತ್ತು ಸೇರಿದರೂ ತಿನ್ನಲಾರವು.

ಗುಳ್ಳೆಹಾಳೆಗೆ ಈ ಮಲಗುವ ಭಾಗ್ಯವೂ ಇಲ್ಲ. ಒಂದು ಮೀಟರ್ ಅಗಲದ ಸುರುಳಿಯ ದಪ್ಪ ಅಡ್ಡಡ್ಡಲಾಗಿ ೫೦ ಸೆಂಟಿಮೀಟರ್ ಇದ್ದರೆ, ಅದರ ಘನತೂಕ ೫೦ ಕಿಲೋ. ತಕ್ಕಡಿಯಲ್ಲಿ ಮೂರು ಕಿಲೋ ತೂಗಿದರೆ ಹೆಚ್ಚು. ಇದನ್ನು ದೂರದ ಊರಿಗೆ ಮಾರಲು ಹೊರಡುವುದು ಬೆಟ್ಟ ಅಗೆದು ಇಲಿ ಹಿಡಿದಂತೆ.

ಹಾಗಾದರೆ ಇಂಥ ವಸ್ತು ಎಷ್ಟು ದೂರ ಹೋಗಿ ಮಾರಾಟವಾಗಬಲ್ಲದು? ಪ್ರತಿಯೊಂದು ಸರಕಿಗೂ ಅದರ ನಡಿಗೆಯ ಶಕ್ತಿ ಇಷ್ಟೆಂದು ಉಂಟು. ಬಂಗಾರ ಭೂಮಂಡಲವನ್ನೆಲ್ಲ ಸುತ್ತಬಲ್ಲದು. ಇಟ್ಟಿಗೆ ಪಕ್ಕದ ತಾಲ್ಲೂಕಿಗೆ ಹೋಗುವುದರೊಳಗೆ ದಣಿಯುತ್ತದೆ. ಹಳೆಯ ಪೆಟ್ಟಿಗೆಯ ಬೆಲೆಗೆ ದಾರಿಖರ್ಚನ್ನು ಕೂಡಿಸಿದಾಗ, ಕೊಳ್ಳುವವನ ಊರಿನಲ್ಲಿ ಹೊಸ ಪೆಟ್ಟಿಗೆಗೆ ಏನು ಬೆಲೆಯೋ ಅದನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿಗೆ ಅದರ ನಡಿಗೆ ಮುಗಿಯಿತು. ಅದರಾಚೆ ಯಾರಾದರೂ ಕೊಂಡರೆ ಅವರಿಗೆ ಲೆಕ್ಕ ತಿಳಿಯದೆಂದು ಅರ್ಥ. ಲೆಕ್ಕ ತಿಳಿಯದವನ ಮೇಲೆ ನಡೆಸಿದ ವ್ಯಾಪಾರ ಎರಡನೆಯ ಸಲ ನಡೆಯುವುದಿಲ್ಲ.

ನನ್ನ ಶಿಷ್ಯೆಯೊಬ್ಬಳ ಸಂಗತಿಯನ್ನು ಇಲ್ಲಿ ಹೇಳಬೇಕು. ಗಂಡನ ಕೆಲಸ ಕಡಮೆಯಾದ ಮೇಲೆ ಆಕೆ ಮನೆಯಲ್ಲಿಯೇ ಚಟ್ನಿಪುಡಿ ಮಾಡಿ ಊರೂರಿಗೆ ಕಳುಹಿಸಲು ತೊಡಗಿದಳು. ಎರಡು ಮಕ್ಕಳ ಶಾಲೆಯ ಖರ್ಚು ಅದರಿಂದಲೇ ನಡೆಯಬೇಕು. ಪುಡಿಗೆ ಒಳ್ಳೆಯ ಹೆಸರು ಬಂದಿತು. ಆದರೆ ಒಂದು ದಿನ ಎದುರಾದಾಗ ಆಕೆ, "ಮೇಷ್ಟ್ರೇ, ದೀಪಾವಳಿಯ ತನಕ ನೋಡಿ ಇದನ್ನು ನಿಲ್ಲಿಸಿಬಿಡುತ್ತೇನೆ. ಹೆಚ್ಚು ಮಾರಿದಷ್ಟೂ ಕೈಯಿಂದಲೇ ಹೋಗುತ್ತಿದೆ" ಎಂದಳು. "ಲೆಕ್ಕದ ಪುಸ್ತಕ ತೆಗೆದುಕೊಂಡು ಬಾ ತಾಯಿ, ನೋಡೋಣ" ಎಂದೆ.

ಲೆಕ್ಕ ಹೀಗಿತ್ತು. ಕಾಲು ಕಿಲೋವಿನ ಮೂರು ಪೊಟ್ಟಣಗಳ ಬೆಲೆ ೩೬೦ ರೂಪಾಯಿ. ಬೇಳೆ, ಮೆಣಸಿನಕಾಯಿ, ಕೊಬ್ಬರಿ, ಉರಿ ಎಲ್ಲ ಸೇರಿ ೨೨೦. ಉಳಿದದ್ದು ೧೪೦. ಸಾಗಣೆ ಉಚಿತವೆಂದು ದೊಡ್ಡ ಅಂಗಡಿಗಳು ಹೇಳುವುದನ್ನು ಕಂಡು ಈಕೆಯೂ ಉಚಿತವೆಂದು ಪ್ರಕಟಿಸಿದ್ದಳು. ಪೇಟೆಯಲ್ಲಿ ಸಿಕ್ಕ ಹೊಸ ಪೆಟ್ಟಿಗೆ ೨೫ ರೂಪಾಯಿ. ಅಳತೆ ೩೦, ೨೫, ೨೦. ಘನತೂಕ ೩ ಕಿಲೋ. ಆಕೆಗೆ ಬಿದ್ದಿದ್ದ ದರ ಕಿಲೋಗೆ ೪೦ ರೂಪಾಯಿ. ಆದ್ದರಿಂದ ಬಾಡಿಗೆ ೧೨೦. ನೂರ ನಲವತ್ತರಲ್ಲಿ ನೂರ ನಲವತ್ತೈದು ಕಳೆದರೆ ಐದು ರೂಪಾಯಿ ನಷ್ಟ. ತಿಂಗಳಿಗೆ ನೂರು ಕಟ್ಟು ಕಳುಹಿಸಿದರೆ ಒಂದು ತಿಂಗಳ ಬೆವರಿನ ಜೊತೆಗೆ ಐನೂರು ರೂಪಾಯಿಯನ್ನೂ ಧಾರೆ ಎರೆದಂತಾಯಿತು. ಮುಕ್ಕಾಲು ಕಿಲೋ ಪುಡಿಯ ಸುತ್ತಲೂ ಎರಡು ಕಿಲೋಗೆ ಮೀರಿದ ಗಾಳಿ ಪ್ರಯಾಣ ಮಾಡುತ್ತಿತ್ತು. ಆಕೆಯ ಮಕ್ಕಳ ಶುಲ್ಕವನ್ನು ತಿನ್ನುತ್ತಿದ್ದದ್ದು ಆ ಗಾಳಿ.

ಆಕೆಗೆ ಬೇಕಾಗಿದ್ದದ್ದು ೨೦, ೧೮, ೧೨ರ ಸಣ್ಣ ಪೆಟ್ಟಿಗೆ. ಅದರ ಘನತೂಕ ಒಂದು ಕಿಲೋಗೂ ಕಡಮೆ, ಬಾಡಿಗೆ ೪೦. ವಿಚಾರಿಸಿ ನೋಡಿದರೆ, ಆಕೆಯ ಮನೆಗೆ ಎರಡು ಅಡ್ಡರಸ್ತೆಗಳ ಆಚೆ ಒಬ್ಬರು ಆಭರಣಗಳ ಸಣ್ಣ ವ್ಯಾಪಾರವನ್ನು ನಿಲ್ಲಿಸಿ, ಇದೇ ಅಳತೆಯ ಇನ್ನೂರು ಪೆಟ್ಟಿಗೆಗಳನ್ನು ಮೂಲೆಯಲ್ಲಿ ಒಟ್ಟಿದ್ದರು. ಅವರು ಸುಮ್ಮನೆ ಕುಳಿತಿರಲಿಲ್ಲ. ಜಾಲತಾಣದಲ್ಲಿ ಪ್ರಕಟಿಸಿದ್ದರು. ದೂರದ ರಾಜ್ಯದ ಒಬ್ಬರು ಒಂದಕ್ಕೆ ೯ ರೂಪಾಯಿಯಂತೆ ೧,೮೦೦ ರೂಪಾಯಿಗೆ ಒಪ್ಪಿಯೂ ಇದ್ದರು. ಇನ್ನೂರನ್ನೂ ಮಲಗಿಸಿ ಕಟ್ಟಿದರೂ ಘನತೂಕ ೨೮ ಕಿಲೋವಿನ ಹತ್ತಿರ. ಅದೇ ದರದಲ್ಲಿ ಬಾಡಿಗೆ ೧,೧೨೦. ಎರಡೂ ಸೇರಿ ೨,೯೨೦, ಅಂದರೆ ಪೆಟ್ಟಿಗೆಗೆ ೧೪ ರೂಪಾಯಿ ೬೦ ಪೈಸೆ. ಅಷ್ಟಕ್ಕೆ ನನ್ನೂರಿನಲ್ಲಿಯೇ ಸಿಕ್ಕುತ್ತದೆ ಎಂದು ಕೊಳ್ಳುವವರು ಕೈಬಿಟ್ಟರು. ಇವರು ಬೇಸತ್ತು ಗುಜರಿಗೆ ಹಾಕುವವರಿದ್ದರು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಷ್ಟೆ? ಎರಡು ಮನೆಗಳ ನಡುವೆ ಐದು ನಿಮಿಷದ ದಾರಿ. ಒಬ್ಬರಲ್ಲಿ ಇದ್ದದ್ದು ಇನ್ನೊಬ್ಬರಿಗೆ ಬೇಕಾದದ್ದು. ಇಬ್ಬರಿಗೂ ಅದು ಗೊತ್ತಿಲ್ಲ. ಶಾಲೆಯ ತಾಯಿತಂದೆಗಳ ವಾಟ್ಸಾಪ್ ಬಳಗದಲ್ಲಿ ಒಂದು ಮಾತು ಹಾಕಿದ್ದರಿಂದ ಗಂಟು ಬಿಚ್ಚಿಕೊಂಡಿತು. ಒಂದಕ್ಕೆ ೬ ರೂಪಾಯಿಯಂತೆ ವ್ಯಾಪಾರ ಮುಗಿಯಿತು. ಅವರಿಗೆ ೧,೨೦೦ ರೂಪಾಯಿ ಕೈಗೆ ಬಂದಿತು, ಮೂಲೆಯೂ ತೆರವಾಯಿತು. ಈಕೆಗೆ ೧೪೦ರಲ್ಲಿ ಬಾಡಿಗೆ ೪೦, ಪೆಟ್ಟಿಗೆ ೬ ಕಳೆದು ಕಟ್ಟಿಗೆ ೯೪ ರೂಪಾಯಿ ಉಳಿಯತೊಡಗಿತು. ಪುಡಿಯ ಬೆಲೆಯನ್ನು ಒಂದು ಕಾಸೂ ಏರಿಸಲಿಲ್ಲ. ದೀಪಾವಳಿ ಕಳೆದ ಮೇಲೂ ಆ ಮನೆಯಲ್ಲಿ ಪುಡಿ ಕುಟ್ಟುವ ಸದ್ದು ನಿಂತಿಲ್ಲ.

ಇಷ್ಟನ್ನು ನೋಡಿದ ಮೇಲೆ ದಾರಿಖರ್ಚನ್ನು ಹತೋಟಿಯಲ್ಲಿಡುವ ಸೂತ್ರಗಳನ್ನು ಹೇಳಬಹುದು. ಕನ್ನಡ ವ್ಯಾಕರಣ ಓದಿದವರಿಗೆ ಲೋಪ, ಆಗಮ, ಆದೇಶ ಎಂಬ ಮೂರು ಸಂಧಿಗಳು ನೆನಪಿರುತ್ತವೆ. ಇರುವ ಅಕ್ಷರ ಬಿಟ್ಟುಹೋದರೆ ಲೋಪ. ಇಲ್ಲದ ಅಕ್ಷರ ಬಂದು ಸೇರಿದರೆ ಆಗಮ. ಒಂದರ ಸ್ಥಾನಕ್ಕೆ ಇನ್ನೊಂದು ಬಂದರೆ ಆದೇಶ. ನಮಗೆ ಬೇಕಾದ ಸೂತ್ರಗಳೂ ಇವೇ ಮೂರು.

ಮೊದಲನೆಯದು ಲೋಪ, ಅಂದರೆ ಗಾಳಿಯ ಲೋಪ. ಪೆಟ್ಟಿಗೆಯನ್ನು ಮಾರುವಾಗ ಮಲಗಿಸಿಯೇ ಕಳುಹಿಸತಕ್ಕದ್ದು. ಪೆಟ್ಟಿಗೆಯಲ್ಲಿ ಸಾಮಾನು ಕಳುಹಿಸುವಾಗ, ಸಾಮಾನಿನ ಮಟ್ಟಕ್ಕೆ ಸರಿಯಾಗಿ ನಾಲ್ಕು ಮೂಲೆಗಳನ್ನೂ ಕತ್ತರಿಸಿ, ಮಡಿಸುವ ಕಡೆ ಚಮಚದ ಹಿಡಿಯಿಂದ ಗೀರೆಳೆದು ಮಡಿಸಿದರೆ ಎತ್ತರವನ್ನು ತಗ್ಗಿಸಬಹುದು. ಎತ್ತರ ೨೦ ಇದ್ದದ್ದು ೧೨ ಆದರೆ ಘನತೂಕ ಐದರಲ್ಲಿ ಎರಡು ಪಾಲು ಇಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ, ಕಾಲು ಇದ್ದಷ್ಟೇ ಹಾಸಿಗೆ ಹಾಸು ಎನ್ನಬೇಕು. ಆದರೆ ಒಡೆಯುವ ಪದಾರ್ಥವಾದರೆ ಸುತ್ತಲೂ ಮೆತ್ತೆಗೆ ಬೇಕಾದಷ್ಟು ಸ್ಥಳ ಬಿಡಲೇಬೇಕು. ಬಾಡಿಗೆ ಉಳಿಸಲು ಹೋಗಿ ಬಟ್ಟಲು ಒಡೆದರೆ ಉಳಿತಾಯವೆಲ್ಲಿ ಬಂತು?

ಎರಡನೆಯದು ಆಗಮ, ಅಂದರೆ ಒಂದರ ಜೊತೆಗೆ ಇನ್ನೊಂದನ್ನು ಸೇರಿಸುವುದು. ಒಂದೊಂದೇ ಪೆಟ್ಟಿಗೆ ಮಾರಕೂಡದು. ಒಂದೇ ಅಳತೆಯ ಹತ್ತೋ ಇಪ್ಪತ್ತೋ ಸೇರಿಸಿ ಒಂದು ಕಟ್ಟು ಮಾಡಬೇಕು. ಗುಳ್ಳೆಹಾಳೆಯನ್ನು ಕಳುಹಿಸಲೇಬೇಕಾದರೆ ಅದನ್ನೇ ಬೇರೆಯಾಗಿ ಕಳುಹಿಸದೆ, ಹೇಗೂ ಹೋಗುತ್ತಿರುವ ಸಾಮಾನಿನ ಸುತ್ತ ಮೆತ್ತೆಯಾಗಿ ಹೋಗುವಂತೆ ಮಾಡಬೇಕು.

ಮೂರನೆಯದು ಆದೇಶ. ದೂರದ ಗಿರಾಕಿಯ ಸ್ಥಾನದಲ್ಲಿ ಹತ್ತಿರದ ಗಿರಾಕಿಯನ್ನು ತರುವುದು. ಮೂರರಲ್ಲಿ ಇದೇ ಮುಖ್ಯವಾದದ್ದು. ಅಂತರಜಾಲವೆಂದ ಕೂಡಲೆ ನಮ್ಮ ಮನಸ್ಸು ದೆಹಲಿಗೂ ಕಲ್ಕತ್ತೆಗೂ ಹಾರುತ್ತದೆ. ಆದರೆ ಆ ಜಾಲದ ದೊಡ್ಡ ಉಪಕಾರವೆಂದರೆ ಪಕ್ಕದ ಬೀದಿಯವರನ್ನು ನಮಗೆ ಪರಿಚಯ ಮಾಡಿಕೊಡುವುದು. ಮನೆ ಬದಲಾಯಿಸುವವರು, ಹಾಸ್ಟೆಲು ಬಿಡುವ ವಿದ್ಯಾರ್ಥಿಗಳು, ಮನೆಯಿಂದ ಸೀರೆ, ಉಪ್ಪಿನಕಾಯಿ, ಹಪ್ಪಳ ಕಳುಹಿಸುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಸುದ್ದಿ ಮಾತ್ರ ಜಾಲದಲ್ಲಿ ಹೋಗಲಿ. ಪೆಟ್ಟಿಗೆ ಸೈಕಲ್ಲಿನ ಮೇಲೆ ಹೋಗಲಿ.

ಇನ್ನು ಜಾಹೀರಾತಿನ ಬರವಣಿಗೆ. "ಒಳ್ಳೆಯ ಪೆಟ್ಟಿಗೆಗಳು ಅಗ್ಗದ ಬೆಲೆಗೆ" ಎಂದು ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯದು. ಒಳಗಿನ ಉದ್ದ, ಅಗಲ, ಎತ್ತರ, ಎಷ್ಟು ಪದರ, ಎಷ್ಟು ಸಂಖ್ಯೆ, ಹೊಸದೋ ಒಮ್ಮೆ ಬಳಸಿದ್ದೋ, ಇಲ್ಲಿಯೇ ಬಂದು ಒಯ್ದರೆ ಏನು ಬೆಲೆ, ಕಳುಹಿಸಬೇಕಾದರೆ ಬಾಡಿಗೆ ಯಾರದು, ಇಷ್ಟನ್ನು ಸ್ಪಷ್ಟವಾಗಿ ಬರೆಯಬೇಕು. ಬಾಡಿಗೆಯನ್ನು ಬೆಲೆಯೊಳಗೆ ಬಚ್ಚಿಡುವುದಕ್ಕಿಂತ ಬೇರೆಯಾಗಿ ಹೇಳುವುದು ಮರ್ಯಾದೆ. ಉಚಿತ ಸಾಗಣೆ ಎಂಬುದು ಲೋಕದಲ್ಲಿ ಇಲ್ಲ. ಯಾರೋ ಒಬ್ಬರು ಅದನ್ನು ತೆರುತ್ತಲೇ ಇರುತ್ತಾರೆ. ಕಟ್ಟಿದ ಮೇಲೆ ಅಳತೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದು ಚಿತ್ರ, ತಕ್ಕಡಿಯ ಮೇಲಿಟ್ಟು ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಸಾಗಣೆಯವರು ಮತ್ತೊಮ್ಮೆ ಯಂತ್ರದಿಂದ ಅಳೆದು, ಹೆಚ್ಚು ಬಂದರೆ ವ್ಯತ್ಯಾಸದ ಹಣವನ್ನು ಆಮೇಲೆ ಕೇಳುವುದುಂಟು. ಆಗ ನಿಮ್ಮ ಪರವಾಗಿ ಮಾತಾಡುವುದು ಆ ಎರಡು ಚಿತ್ರಗಳೇ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಹಳೆಯ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು, ವಿಳಾಸ, ಫೋನಿನ ಸಂಖ್ಯೆ ಇರುವ ಚೀಟಿಯನ್ನು ಸಂಪೂರ್ಣವಾಗಿ ಕಿತ್ತುಹಾಕಿ. ಹಳೆಯ ಗೆರೆಗಳ ಗುರುತನ್ನೂ ಮುಚ್ಚಿ. ಇಲ್ಲದಿದ್ದರೆ ಯಂತ್ರ ಅದನ್ನೇ ಓದಿ ಕಟ್ಟನ್ನು ತಪ್ಪು ಊರಿಗೆ ಓಡಿಸೀತು. ತೇವ ತಾಗಿದ ರಟ್ಟನ್ನು ಮಾರಬೇಡಿ. ನಿರಿಗೆಯ ಹಾಳೆ ತೇವಕ್ಕೆ ಮೆತ್ತಗಾಗಿ, ಮೇಲೆ ಭಾರ ಬಿದ್ದೊಡನೆ ಕುಸಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲಿಡಬೇಕು. ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದ್ದು ಹಳ್ಳವಾಗಿಯೇ ಉಳಿದರೆ ಅದು ಗುಜರಿಗೆ ಯೋಗ್ಯ. ಔಷಧ, ಕೀಟನಾಶಕ, ಸಾಬೂನುಗಳ ಪೆಟ್ಟಿಗೆಯನ್ನು ತಿನ್ನುವ ಪದಾರ್ಥದವರಿಗೆ ಕೊಡಕೂಡದು. ಆಹಾರವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುವುದನ್ನು ೨೦೧೮ರ ಆಹಾರ ಪೊಟ್ಟಣದ ನಿಯಮಗಳೇ ನಿಷೇಧಿಸಿವೆ. ಬಳಸಿದ ಪೆಟ್ಟಿಗೆ ಏನಿದ್ದರೂ ಹೊರಗವಚ. ಒಳಗಿನ ಪೊಟ್ಟಣ ಹೊಸದಾಗಿರಬೇಕು.

ಹಣದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೊಳ್ಳುವವನಂತೆ ಮಾತಾಡಿ, "ಹಣ ಕಳುಹಿಸುತ್ತೇನೆ, ಈ ಚೌಕದ ಗುರುತನ್ನು ಸ್ಕ್ಯಾನ್ ಮಾಡಿ ನಿಮ್ಮ ಗುಪ್ತಸಂಖ್ಯೆ ಹಾಕಿ" ಎನ್ನುವವರು ಇದ್ದಾರೆ. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಗುಪ್ತಸಂಖ್ಯೆ ಬೇಕಾಗಿಯೇ ಇಲ್ಲ. ಅದನ್ನು ಹಾಕಿದರೆ ಹಣ ನಿಮ್ಮಿಂದ ಹೋಗುತ್ತದೆ. ನೂರು ರೂಪಾಯಿಯ ಪೆಟ್ಟಿಗೆ ಮಾರಲು ಹೋಗಿ ಖಾತೆಯನ್ನೇ ಬರಿದು ಮಾಡಿಕೊಳ್ಳಬೇಡಿ. ಮೋಸವಾದರೆ ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಬೇಕು.

ಕೊನೆಗೆ ಗುಜರಿಯವನ ಮಾತು. ಹರಿದದ್ದು, ನೆನೆದದ್ದು, ಯಾರಿಗೂ ಬೇಡದ್ದು ಎಲ್ಲವೂ ಅವನಿಗೆ ಸೇರಲಿ. ಅವನು ತೂಕಕ್ಕೆ ಕೊಳ್ಳುತ್ತಾನೆ. ಅಲ್ಲಿಂದ ಅದು ಕಾಗದದ ಕಾರ್ಖಾನೆಗೆ ಹೋಗಿ ಮತ್ತೆ ರಟ್ಟಾಗಿ ಬರುತ್ತದೆ. ಅದೂ ಒಳ್ಳೆಯ ಗತಿಯೇ. ಆದರೆ ಗಟ್ಟಿಯಾಗಿರುವ ಪೆಟ್ಟಿಗೆಯನ್ನು ಅರೆದು ಹಿಟ್ಟು ಮಾಡಿ, ಒಣಗಿಸಿ, ಅದೇ ಪೆಟ್ಟಿಗೆಯನ್ನು ಮತ್ತೆ ಮಾಡುವುದಕ್ಕೆ ನೀರೂ ಬೇಕು, ಬೆಂಕಿಯೂ ಬೇಕು. ಅದು ಇನ್ನೊಂದು ಸಲ ಪೆಟ್ಟಿಗೆಯಾಗಿಯೇ ದುಡಿದರೆ ಆ ಖರ್ಚು ಲೋಕಕ್ಕೆ ಉಳಿಯಿತು.

ಆದ್ದರಿಂದ ಮಹನೀಯರೆ, ಮಹಿಳೆಯರೆ, ನಾಳೆ ಬಿಡುವಾದಾಗ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸಿ. ಟೇಪನ್ನು ಬಿಡಿಸಿ ಮಲಗಿಸಿ. ಅಳತೆಯಂತೆ ವಿಂಗಡಿಸಿ ಕಟ್ಟಿ, ಮೇಲೆ ಅಳತೆ ಬರೆಯಿರಿ. ದ್ವಿಗುಣ ಬೆಲೆ ಕೊಡುವ ದೂರದವನನ್ನು ಹುಡುಕುವ ಮೊದಲು, ಅರ್ಧ ಬೆಲೆ ಕೊಟ್ಟರೂ ನಡೆದು ಬಂದು ಒಯ್ಯುವವರು ನಿಮ್ಮ ಬಡಾವಣೆಯಲ್ಲಿ ಯಾರಿದ್ದಾರೆಂದು ಒಂದು ಮಾತು ಕೇಳಿ ನೋಡಿ. ನಿಮ್ಮ ಮನೆಯ ಒಂದು ಮೂಲೆ ತೆರವಾದೀತು. ಇನ್ನೊಂದು ಮನೆಯ ಒಲೆಯ ಮೇಲೆ ಲಾಭದ ಅನ್ನ ಬೆಂದೀತು.